ಭಂಡಾರದ ಬಟ್ಟಲು

ಭವಾನಿ ಪೇಠೆಯ ಅರಿಸಿನದ ಸಗಟು ಅಂಗಡಿಯಲ್ಲಿ ಬಸವಪ್ರಭು ತಕ್ಕಡಿಯ ಪಕ್ಕ ಕೂರುತ್ತಿದ್ದರು. ಗಿರಾಕಿಗಳು ಮರಾಠಿಯಲ್ಲಿ ದರ ಕೇಳಿದರೆ ಹೇಳುತ್ತಿದ್ದರು, ಕೇಳದಿದ್ದರೆ ಬೀದಿ ನೋಡುತ್ತಿದ್ದರು. ಈ ಮನುಷ್ಯ ಒಂದು ಕಾಲಕ್ಕೆ ಗಿಟಾರ್ ಹಿಡಿದು ಕನ್ನಡದಲ್ಲಿ ರಾಕ್ ರೆಕಾರ್ಡ್ ಮಾಡಿದ್ದು ಆ ಬೀದಿಯಲ್ಲಿ ಯಾರಿಗೂ ನೆನಪಿರಲಿಲ್ಲ.

2004ರಲ್ಲಿ ಹಡಪಸರದ ಕಂಪನಿಯೊಂದರ ಕನ್ನಡಿಗ ಉದ್ಯೋಗಿ ರೋಹಿತ ಜೂನಾ ಬಜಾರಿನ ಗುಜರಿಯಲ್ಲಿ ‘ಹಳದಿ ಗುಡ್ಡ’ ಎಂಬ ರೆಕಾರ್ಡ್ ಕೊಂಡ. ಗುಂಯ್‌ಗುಡುವ ಗಿಟಾರ್, ಹಿಂದಕ್ಕೆ ಓಡುವ ಟೇಪು, ಕೈಗಾಡಿಗಳ ಕಿರುಗುಟ್ಟು, ಅವುಗಳ ನಡುವೆ ನಿದ್ದೆ ಕಂಡಿರದವನ ದನಿ. ಎರಡನೇ ಬದಿಯಲ್ಲಿ ಆಳವಾದ ಗೀರಿತ್ತು. ಸೂಜಿ ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಹೊದಿಕೆಯ ಮೇಲಿನ ವಿಳಾಸ ಹಿಡಿದು ಅವನು ಮನೆ ಹುಡುಕಿದ. ಬಾಗಿಲು ತೆರೆದವರು ಬಸವಪ್ರಭು ಅವರ ತಂಗಿ ತ್ರಿವೇಣಿ.

“ಇನ್ನೊಂದು ಪ್ರತಿ ಅದ ಏನ್ರಿ ಅಕ್ಕಾರ? ಸಿಡಿ ಮಾಡಿಸೋಣು.”

“ಮೆಲ್ಲಗ ಮಾತಾಡ್ರಿ. ಅಣ್ಣ ಒಳಗ ಊಟಕ್ಕ ಕುಂತಾನ. ಅದು ಬಂದಮ್ಯಾಲೆನ ಅವನ ತಲಿ ಕೆಟ್ಟಿದ್ದು.”

1976ರಲ್ಲಿ ಸ್ವಂತ ಖರ್ಚಿನಲ್ಲಿ ಮಾಡಿಸಿದ ರೆಕಾರ್ಡ್ ಅದು. ಯಾರೂ ಕೊಳ್ಳಲಿಲ್ಲ. ಅಂಗಡಿಗಳು ಹಿಂದಿರುಗಿಸಿದ ಪ್ರತಿಗಳು ಅಟ್ಟ ಸೇರಿದವು. ಬಸವಪ್ರಭು ನಿದ್ದೆ ಬಿಟ್ಟರು. ಅರಿಸಿನದ ಚೀಲಗಳು ತನಗೆ ಹಾಡು ಹೇಳಿಕೊಡುತ್ತವೆ ಎಂದು ಹಮಾಲರ ಮುಂದೆ ವಾದಿಸಿದರು. ಅಪ್ಪ ನಿಜಲಿಂಗಪ್ಪ ಗಿಟಾರನ್ನು ಮಾರಿ ಮಗನನ್ನು ಆಸ್ಪತ್ರೆಗೆ ಸೇರಿಸಿದರು. ತಾಯಿ ಗೌರಾಬಾಯಿ ಜೇಜುರಿಯ ಖಂಡೋಬನಿಗೆ ಹರಕೆ ಹೊತ್ತರು. ಮಗ ಗುಣವಾಗಿ ಬಂದ. ಮತ್ತೆ ಹಾಡಲಿಲ್ಲ.

ಅಟ್ಟದ ಮೇಲಿನ ಪೀಡೆ ಮಾತ್ರ ಹಾಗೇ ಇತ್ತು. 1993ರಲ್ಲಿ ನೆರೆಮನೆಯ ಲೀಲಾಕ್ಷಿ ಒಂದು ಉಪಾಯ ಹೇಳಿಕೊಟ್ಟರು: ಕುದಿನೀರಿನಲ್ಲಿ ಅದ್ದಿದರೆ ರೆಕಾರ್ಡ್ ಮೆತ್ತಗಾಗುತ್ತದೆ, ಕವುಚಿದ ಪಾತ್ರೆಯ ಮೇಲೆ ಒತ್ತಿದರೆ ಬಟ್ಟಲಾಗುತ್ತದೆ. ಗೌರಾಬಾಯಿ ಎಲ್ಲವನ್ನೂ ಬಟ್ಟಲು ಮಾಡಿದರು. ಜೇಜುರಿಯಿಂದ ತಂದ ಭಂಡಾರ, ಅಂದರೆ ಖಂಡೋಬನ ಪ್ರಸಾದದ ಅರಿಸಿನ ತುಂಬಿ ಓಣಿಗೆಲ್ಲ ಹಂಚಿದರು. ದೇವರ ಕೈ ಸೇರಿದ್ದಕ್ಕೆ ಪೀಡೆ ಕಳೆಯಿತೆಂದು ನೆಮ್ಮದಿಪಟ್ಟರು.

ತ್ರಿವೇಣಿ ದೇವರ ಜಗಲಿಯಿಂದ ಕಪ್ಪು ಬಟ್ಟಲೊಂದನ್ನು ತಂದು ತೋರಿಸಿದರು. “ಇಲ್ಲಿ ಅದ ನೋಡ್ರಿ ನಿಮ್ಮ ಪ್ರತಿ. ಓಣ್ಯಾಗ ಮನಿಗೊಂದು ಅದ. ಸೂಜಿ ಎಲ್ಲಿ ಇಡತೀರಿ?”

ರೋಹಿತ ನಗಲಿಲ್ಲ. “ಎರಡನೇ ಬದಿಗೆ ಮೈಲಾರಲಿಂಗನ ಪದ ಹಾಡ್ಯಾರಲ್ಲ, ಆ ಹೆಣ್ಣಮಗಳು ಯಾರ್ರಿ? ನಡುವ ಕೆಮ್ಮತಾರ.”

ತ್ರಿವೇಣಿ ಹೊಸ್ತಿಲ ಮೇಲೆ ಕುಳಿತುಬಿಟ್ಟರು. ಗ್ರಾಮಫೋನ್ ಇಲ್ಲದ ಮನೆ. ಆ ರೆಕಾರ್ಡನ್ನು ಅವರು ಎಂದೂ ಕೇಳಿರಲಿಲ್ಲ. ಅರಿಸಿನ ಕುಟ್ಟುತ್ತ ಕೆಮ್ಮುತ್ತ ಆ ಪದ ಹಾಡುತ್ತಿದ್ದವರು ಗೌರಾಬಾಯಿ. ತೀರಿಕೊಂಡು ಆರು ವರ್ಷವಾಗಿತ್ತು. ಅವರ ದನಿ ಎಲ್ಲಿಯೂ ಉಳಿದಿಲ್ಲವೆಂದೇ ಮಗಳು ತಿಳಿದಿದ್ದರು.

“ನಾನ ನಿಮ್ಮ ಮನಿಗೆ ಬಂದು ಕೇಳತೀನಿ. ಅವನಿಗೆ ಗೊತ್ತಾಗೂದು ಬ್ಯಾಡ.”

“ಎದಕ್ಕ?” ಬಸವಪ್ರಭು ಎಂಜಲು ಕೈಯಲ್ಲೇ ಹಿಂದೆ ನಿಂತಿದ್ದರು. “ಇಲ್ಲೇ ಹಾಕ್ಲಿ.”

ಮುಂದಿನ ಭಾನುವಾರ ರೋಹಿತ ಪ್ಲೇಯರ್ ತಂದ. ಬೇಡವೆನ್ನಲು ತ್ರಿವೇಣಿಗೆ ಒಂದು ವಾರದ ಸಮಯವಿತ್ತು, ಅನ್ನಲಿಲ್ಲ. ಎರಡನೇ ಬದಿಯಲ್ಲಿ ಒನಕೆಯ ಸದ್ದು, ತಾಯಿಯ ದನಿ, ಪದದ ಒಂದು ಸಾಲು, ಕೆಮ್ಮು. ಗೀರಿಗೆ ಸಿಕ್ಕ ಸೂಜಿ ಹಿಂದಕ್ಕೆ ಹಾರಿತು. ಮತ್ತೆ ಅದೇ ಸಾಲು, ಅದೇ ಕೆಮ್ಮು. ಕೊನೆಗೆ ಬಸವಪ್ರಭು ಅವರೇ ಸೂಜಿ ಎತ್ತಿದರು.

“ಅವ್ವ ಬಟ್ಟಲಾ ಮಾಡುವಾಗ ಬಿಸಿನೀರು ಹಿಡದಾಂವ ನೀನ. ಆಕಿಗೆ ಗೊತ್ತಾಗದಂಗ ಟೇಪ್ ಮಾಡಿದ ಆಕಿದ ದನಿ ಅದರಾಗ ಅದ ಅಂತ ಯಾಕ ಹೇಳಲಿಲ್ಲೋ ಅಣ್ಣಾ?”

“ಹೇಳಿದ್ರ ಆಕಿ ಕೈ ನಡಗತಿತ್ತು,” ಎಂದರು ಬಸವಪ್ರಭು. “ಬಟ್ಟಲಾ ಸೊಟ್ಟ ಆಗ್ತಿದ್ವು.”

ಮರುದಿನ ಅವರು ಎಂದಿನಂತೆ ಅಂಗಡಿಗೆ ಹೋದರು. ತಕ್ಕಡಿಯ ಪಕ್ಕ ಕುಳಿತು ಆ ಸಾಲನ್ನು ಗುನುಗಿದರು, ಕೆಮ್ಮಿದರು, ಮತ್ತೆ ಮೊದಲಿನಿಂದ ಗುನುಗಿದರು. ವಾರ ಕಳೆಯುವಷ್ಟರಲ್ಲಿ ದರ ಹೇಳುವುದನ್ನು ನಿಲ್ಲಿಸಿದ್ದರು. ದೀಪಾವಳಿಗೆ ಮುಂಚೆ ಆಸ್ಪತ್ರೆಗೆ ಮರಳಿದರು. ರೋಹಿತ ಸಿಡಿಯ ಮಾತು ಬಿಟ್ಟ.

ತ್ರಿವೇಣಿ ಪ್ರತಿ ಭಾನುವಾರ ಆಸ್ಪತ್ರೆಗೆ ಹೋಗುತ್ತಿದ್ದರು. ಅಣ್ಣನ ಹಣೆಗೆ ಭಂಡಾರ ಹಚ್ಚಿ ಪಕ್ಕದಲ್ಲಿ ಕೂರುತ್ತಿದ್ದರು. ಬಸವಪ್ರಭು ತಾಯಿಯ ಸಾಲನ್ನು ತಾಯಿಯ ಏರಿಳಿತದಲ್ಲೇ ಹಾಡಿ, ಕೆಮ್ಮಿ, ನಿಲ್ಲಿಸುತ್ತಿದ್ದರು. ಹಾಡಿಸಬೇಡಿ, ಸುಮ್ಮನಿರಿಸಿ ಎಂದು ನರ್ಸ್ ಹೇಳಿದ್ದರು. ತ್ರಿವೇಣಿ ಸುಮ್ಮನಿರಿಸಲಿಲ್ಲ. ಭೇಟಿಯ ಸಮಯ ಮುಗಿಯುವವರೆಗೂ ಕೇಳುತ್ತ ಕೂತಿರುತ್ತಿದ್ದರು.