ಕುಕ್ಕರಿಗೆ ಹಾಕಿದ ರೋಸ್ಟ್

ಕೂತಲ್ಲಿ ಕೂರಲಾಗದ ಕಾಯಿಲೆ ನನಗೆ ಹುಟ್ಟಿನಿಂದಲೇ ಇದೆ. "ಇವನ ಕುಂಡೆಗೆ ಎಂತ ಇರುವೆ ಕಚ್ತದಾ?" ಎಂದು ಅಮ್ಮ ಬಯ್ಯುತ್ತಿದ್ದಳು. ಬಹರೇನಿಗೆ ಹೋದ ಮೇಲೆ ಅದು ಇನ್ನಷ್ಟು ಹೆಚ್ಚಿತು. ಎಂಬತ್ತರ ದಶಕದ ಮೊದಲ ವರ್ಷಗಳವು. ಟುಬ್ಲಿಯ ಒಂದು ವರ್ಕ್‌ಶಾಪಿನಲ್ಲಿ ನಾನು ಸ್ಟೋರ್‌ಕೀಪರ್ ಆಗಿದ್ದೆ. ವಾಸ ಸೆಗಯಾದ ಹಳೆಯ ಕಟ್ಟಡವೊಂದರ ಎರಡನೇ ಮಹಡಿಯಲ್ಲಿ. ಮದುವೆಯಾಗಿ ನಾಲ್ಕು ವರ್ಷವಾಗಿತ್ತು. ಆ ನಾಲ್ಕು ವರ್ಷದಲ್ಲಿ ನಾನೂ ನನ್ನ ಹೆಂಡತಿಯೂ ಒಂದೇ ಸೂರಿನಡಿ ಇದ್ದದ್ದು ನನ್ನ ಎರಡು ರಜೆಗಳಲ್ಲಿ ಮಾತ್ರ, ಎಲ್ಲ ಸೇರಿಸಿದರೂ ಮೂರು ತಿಂಗಳಾಗುತ್ತಿರಲಿಲ್ಲ.

ಅವಳು ಊರಿನ ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಆ ವರ್ಷ ಬೇಸಗೆ ರಜೆಯ ಬಾಲಕ್ಕೆ ಜೂನ್ ತಿಂಗಳ ಸಂಬಳವಿಲ್ಲದ ರಜೆಯನ್ನು ಅಂಟಿಸಿಕೊಂಡು, ವಿಸಿಟ್ ವೀಸಾದಲ್ಲಿ ನನ್ನಲ್ಲಿಗೆ ಬಂದಿದ್ದಳು. ಜುಲೈ ಒಂದಕ್ಕೆ ಒಂದೋ ಟೀಚರ್ ಬರಬೇಕು, ಇಲ್ಲ ಟೀಚರಿನ ರಾಜೀನಾಮೆ ಬರಬೇಕು ಎಂದು ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಮೊದಲೇ ಹೇಳಿ ಕಳಿಸಿದ್ದರು. ಇತ್ತ ನಮ್ಮ ಕಂಪನಿಯಲ್ಲಿ ಕಾಗದಪತ್ರ ಓಡಾಡಿಸುವ ಮಂದೂಬ್, ಹೆಂಡತಿ ಇಲ್ಲೇ ಇರುವುದಾದರೆ ವೀಸಾ ಬದಲಿಸಲು ಶನಿವಾರದೊಳಗೆ ಅವಳ ಪಾಸ್‌ಪೋರ್ಟ್ ತಂದುಕೊಡು ಎಂದು ಕೊನೆಯ ಸಲ ಎಚ್ಚರಿಸಿದ್ದ. ಅವಳು ಉಳಿಯಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ.

ಆದರೆ ಅದನ್ನು ಹಾಗೆ ಹೇಳಲು ನನಗೆ ಬಾಯಿ ಬರುತ್ತಿರಲಿಲ್ಲ. ಬದಲಿಗೆ ಬಹರೇನನ್ನು ಹೊಗಳುತ್ತಿದ್ದೆ. ಕಿಟಕಿಯ ಏಸಿ ತೋರಿಸಿದೆ. ಸೂಪರ್‌ಮಾರ್ಕೆಟ್ಟಿಗೆ ಕರೆದೊಯ್ದು ಟ್ರಾಲಿ ತಳ್ಳಿಸಿದೆ. ಚಿನ್ನದಂಗಡಿಗಳ ಮುಂದೆ ನಡೆಸಿದೆ. "ನೋಡು, ಇಲ್ಲಿ ಕರೆಂಟ್ ಹೋಗುದೇ ಇಲ್ಲ" ಎಂದು ದಿನಕ್ಕೆರಡು ಸಲ ಹೇಳುತ್ತಿದ್ದೆ. "ಹೌದು, ಹೋಗುದಿಲ್ಲ" ಎನ್ನುತ್ತಿದ್ದಳು. ಮನೆಯಲ್ಲಿ ನಾವು ಆಡುವುದು ಕೊಂಕಣಿ. ಇಲ್ಲಿ ಅದನ್ನೇ ನಮ್ಮ ಕಡೆಯ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಮಂದೂಬ್ ಹೇಳಿದ ಶನಿವಾರಕ್ಕೆ ಮೊದಲಿನ ಶುಕ್ರವಾರ, ವಾರದ ರಜೆಯ ದಿನ, ಅವಳಿಗೆ ಬೀಫ್ ರೋಸ್ಟ್ ಮಾಡಿ ಬಡಿಸುವುದೆಂದು ನಿರ್ಧರಿಸಿದೆ. ಊರಿನ ರೋಸ್ಟ್ ಅಲ್ಲ. ಇಂಗ್ಲಿಷರ ಮನೆಗಳಲ್ಲಿ ಮಾಡುವಂಥದ್ದು. ಇಂಥ ಮಾಂಸ ಸಿಗುವ ದೇಶವನ್ನು, ಇಂಥ ಅಡುಗೆ ಮಾಡುವ ಗಂಡನನ್ನು ಬಿಟ್ಟು ಯಾವಳು ಹೋಗುತ್ತಾಳೆ? ನನ್ನ ತಲೆ ಓಡಿದ್ದು ಹಾಗೆ. ಈಗ ನೆನೆದರೆ ನಗು ಬರುತ್ತದೆ, ಆಗ ಬಂದಿರಲಿಲ್ಲ.

ನಮ್ಮ ಕಂಪನಿಯ ಕೆಲಸಗಾರರ ಕ್ಯಾಂಪಿನ ಮೆಸ್ಸಿನಲ್ಲಿ ಗೋವಾದ ಮುದುಕ ಅಡುಗೆಯವರೊಬ್ಬರಿದ್ದರು, ಹಿಂದೆ ಹಡಗಿನಲ್ಲಿ ಸಾಹೇಬರಿಗೆ ಅಡುಗೆ ಮಾಡಿದವರು. ಗುರುವಾರ ಅವರನ್ನು ಮಾಂಸ ಮಾರುವ ಕೋಲ್ಡ್ ಸ್ಟೋರ್‌ಗೆ ಎಳೆದುಕೊಂಡು ಹೋದೆ. ಅವರೇ ಆರಿಸಿದರು: ಒಂದೂಕಾಲು ಕಿಲೋ ಅಂಡರ್‌ಕಟ್, ಬೆನ್ನೆಲುಬಿನ ಕೆಳಗಿನ ಮೆತ್ತನೆಯ ಮಾಂಸ. ಚೂರೂ ಕೊಬ್ಬಿಲ್ಲ, ನರವಿಲ್ಲ. ಬೆರಳಿಟ್ಟರೆ ಒಳಗೆ ಇಳಿಯುತ್ತಿತ್ತು.

"ನೋಡು ಮಗಾ," ಎಂದರು, "ಉಪ್ಪು, ಕಾಳುಮೆಣಸು, ಬೆಳ್ಳುಳ್ಳಿ, ಬೆಣ್ಣೆ. ಬೇರೆ ಏನೂ ಬೇಡ. ಬಿಸಿ ಬಾಣಲೆಯಲ್ಲಿ ಸುತ್ತಲೂ ಕೆಂಪಗೆ ಮಾಡು, ಓವನ್ನಿಗೆ ಹಾಕು. ನಲವತ್ತು ನಿಮಿಷ ಬಾಗಿಲು ತೆಗೀಬೇಡ. ಆಮೇಲೆ ಹೊರಗಿಟ್ಟು ಕಾಲು ಗಂಟೆ ಮುಚ್ಚಿಡು. ಎಳೆಗೆ ಅಡ್ಡಲಾಗಿ ತೆಳ್ಳಗೆ ಕೊಯ್ಯಿ. ಕೊಬ್ಬಿಲ್ಲದ ಮಾಂಸ ಇದು. ಹೆಚ್ಚು ಬೆಂದರೆ ಮತ್ತೆ ಚಪ್ಪಲಿ ಹೊಲಿಯಬೇಕಷ್ಟೆ."

"ವಿನೆಗರ್?" ಎಂದೆ.

"ವಿನೆಗರ್ ತೆಗೆದುಕೊಂಡು ನಿನ್ನ ತಲೆಗೆ ಸುರಿ."

ಅವರು ಹೇಳಿದ್ದೆಲ್ಲ ಕೇಳಿಸಿತು, ಒಳಗೆ ಇಳಿಯಲಿಲ್ಲ. ಊರಿನಲ್ಲಿ ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ನಾವು ತರುತ್ತಿದ್ದದ್ದು ಹತ್ತು ವರ್ಷ ಗದ್ದೆ ಉತ್ತು ಸೋತ ಎತ್ತಿನ ಮಾಂಸ. ಹಿಂದಿನ ದಿನವೇ ವಿನೆಗರ್, ಶುಂಠಿ, ಲವಂಗ, ಚಕ್ಕೆಯಲ್ಲಿ ನೆನೆಹಾಕದಿದ್ದರೆ ಅದಕ್ಕೆ ಹಲ್ಲು ಹೋಗುತ್ತಿರಲಿಲ್ಲ. ಅಮ್ಮ ಮೊದಲು ಒಲೆಯ ಮೇಲೆ ಮೂರು ಗಂಟೆ ಬೇಯಿಸುತ್ತಿದ್ದಳು. ಕುಕ್ಕರ್ ಬಂದ ಮೇಲೆ ಎಣಿಸಿ ಆರು ವಿಸಿಲ್. ಬೀಫ್ ಎಂದರೆ ನೆನೆಯಬೇಕು, ಬೇಯಬೇಕು, ಸೋಲಬೇಕು. ಗುರುವಾರ ಸಂಜೆ ಹೆಂಡತಿ ಸ್ನಾನಕ್ಕೆ ಹೋದದ್ದೇ ತಡ, ನಾನು ಕದ್ದುಮುಚ್ಚಿ ಅರ್ಧ ಕಪ್ ವಿನೆಗರ್ ಸುರಿದೇಬಿಟ್ಟೆ. ಸ್ವಲ್ಪ ಇದ್ದರೆ ಏನಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ಶುಕ್ರವಾರ ಬೆಳಿಗ್ಗೆ ಇಬ್ಬರೂ ಪೂಜೆಗೆ ಹೋಗಿ ಬಂದೆವು. ನಮ್ಮ ಗ್ಯಾಸ್ ಒಲೆಯ ಕೆಳಗೆ ಓವನ್ ಇತ್ತು, ಆದರೆ ಅದನ್ನು ನಾನು ಒಂದು ದಿನವೂ ಹೊತ್ತಿಸಿದವನಲ್ಲ; ಬಾಣಲೆ, ಕಾವಲಿ, ಹಳೆಯ ಪೇಪರು ತುಂಬಿಡುವ ಕಪಾಟು ಅದು. ಎಲ್ಲ ಹೊರಗೆ ತೆಗೆದು, ಒರೆಸಿ, ಮಾಂಸವನ್ನು ಬೆಣ್ಣೆಯಲ್ಲಿ ಕೆಂಪಗೆ ಮಾಡಿ ಒಳಗಿಟ್ಟೆ. ಬಾಗಿಲು ಮುಚ್ಚಿ ಗಡಿಯಾರ ನೋಡಿದೆ. ಹನ್ನೊಂದೂವರೆ.

ಹೊರಗಿನ ಕೋಣೆಗೆ ಬಂದರೆ ಅವಳು ಮೇಜಿನ ಮುಂದೆ ಕೂತು ಬರೆಯುತ್ತಿದ್ದಳು. ಹಿಂದಿನಿಂದ ಬಗ್ಗಿ ನೋಡಿದೆ. ಒಂಬತ್ತನೇ ಕ್ಲಾಸಿನ ಪಾಠದ ಟಿಪ್ಪಣಿ! ಹೊಸ ಶಾಲಾ ವರ್ಷದ್ದು! ರಾಜೀನಾಮೆ ಕೊಡುವವಳು ಪಾಠದ ಟಿಪ್ಪಣಿ ಯಾಕೆ ಬರೆಯುತ್ತಾಳೆ? ಕೇಳಿಬಿಡಬೇಕಿತ್ತು. ಕೇಳಲಿಲ್ಲ. ಅಡುಗೆಕೋಣೆಗೆ ಓಡಿ ಓವನ್ ಬಾಗಿಲು ತೆಗೆದೆ. ಏಳೇ ನಿಮಿಷವಾಗಿತ್ತು.

ಆಮೇಲೆ ನನ್ನದು ಕಾಲು ಸುಟ್ಟ ಬೆಕ್ಕಿನ ಅವಸ್ಥೆ. ಅವಳ ಮುಖ ನೋಡುವುದು, ಓವನ್ ನೋಡುವುದು. ಇಲ್ಲಿ ಬಂದು "ಸೆಕೆಯಾಗ್ತದಾ, ಏಸಿ ಜಾಸ್ತಿ ಮಾಡ್ಲಾ?" ಎನ್ನುವುದು, ಅಲ್ಲಿ ಹೋಗಿ ಬಾಗಿಲು ತೆಗೆದು ಮಾಂಸಕ್ಕೆ ಫೋರ್ಕ್ ಚುಚ್ಚುವುದು. ಪ್ರತಿ ಸಲ ಬಾಗಿಲು ತೆಗೆದಾಗಲೂ ಒಳಗಿನ ಬಿಸಿಯೆಲ್ಲ ನನ್ನ ಮುಖಕ್ಕೇ ಬಂದು ಬಡಿಯುತ್ತಿತ್ತು. ಅವಳು ಪೆನ್ನು ಕೆಳಗಿಟ್ಟಳು.

"ಎಂತ ಮಾರಾಯ್ರೆ, ಒಂದು ಕಡೆ ಕೂತ್ಕೊಳ್ಳಿಕ್ಕೆ ಆಗುದಿಲ್ವಾ ನಿಮಗೆ? ಬೇಯುವ ತನಕ ಇದ್ದವರಿಗೆ ಆರುವ ತನಕ ಇರ್ಲಿಕ್ಕಾಗುದಿಲ್ಲ ಅಂತ ಗಾದೆ. ನಿಮಗೆ ಬೇಯುವ ತನಕವೂ ಆಗುದಿಲ್ಲ!"

"ನೀನು ನಿನ್ನ ಕೆಲಸ ನೋಡು" ಎಂದೆ.

ಹನ್ನೆರಡೂಕಾಲಿಗೆ ಮಾಂಸ ಹೊರಗೆ ತೆಗೆದೆ. ಮುಚ್ಚಿಡುವ ತಾಳ್ಮೆ ಯಾರಿಗಿತ್ತು? ಕತ್ತಿ ಹಾಕಿದೆ. ನಡುವೆ ಕೆಂಪು, ಕೆಂಪು ರಸ ಹರಿದು ತಟ್ಟೆ ತುಂಬಿತು. ನನ್ನ ಜೀವವೇ ಹಾರಿಹೋಯಿತು. ಹಸಿ ಮಾಂಸ ತಿನ್ನಿಸುತ್ತೀರಾ ಎಂದು ಕೇಳಿದರೆ ಏನು ಹೇಳಲಿ? ನಡುವೆ ಹಾಗೇ ಇರಬೇಕು, ರಸ ಒಳಗೆ ನಿಲ್ಲಲೆಂದೇ ಕಾಲು ಗಂಟೆ ಮುಚ್ಚಿಡುವುದು ಎಂದು ಆ ಮುದುಕರು ಬಿಡಿಸಿ ಹೇಳಿರಲಿಲ್ಲ. ಹೇಳಿದ್ದರೂ ನಾನು ನಂಬುವವನಲ್ಲ. ಒಂದು ನಿಮಿಷವೂ ಯೋಚಿಸದೆ ಶೆಲ್ಫಿನಿಂದ ಕುಕ್ಕರ್ ಇಳಿಸಿ ಮಾಂಸವನ್ನು ಅದಕ್ಕೆ ಹಾಕಿದೆ. ಎರಡು ಲೋಟ ನೀರು, ಇನ್ನಷ್ಟು ವಿನೆಗರ್, ನಾಲ್ಕು ಲವಂಗ. ಮುಚ್ಚಳ ಹಾಕಿ ಉರಿ ದೊಡ್ಡದು ಮಾಡಿದೆ. ಒಂದು, ಎರಡು, ಮೂರು. ಆರನೆಯ ವಿಸಿಲ್ ಕೂಗಿದಾಗ ನನಗೆ ಸಮಾಧಾನವಾಯಿತು.

ಒಂದೂವರೆಗೆ ಊಟಕ್ಕೆ ಕೂತೆವು. ಮಾಂಸ ಅರ್ಧಕ್ಕರ್ಧ ಕುಗ್ಗಿತ್ತು, ಬೂದಿ ಬಣ್ಣ. ಕತ್ತಿ ಹಾಕಿದರೆ ಹೋಳಾಗಲಿಲ್ಲ, ತೆಂಗಿನ ನಾರಿನ ಹಾಗೆ ಎಳೆ ಎಳೆಯಾಗಿ ಬಿಟ್ಟುಕೊಂಡಿತು. ಅವಳು ಒಂದು ತುಂಡು ಬಾಯಿಗಿಟ್ಟು ಅಗಿದಳು. ಅಗಿದಳು. ಮತ್ತೂ ಅಗಿದಳು. ನೀರು ಕುಡಿದಳು.

"ಹೇಗುಂಟು?"

"ಅತ್ತೆ ಮಾಡಿದ ಹಾಗೇ ಉಂಟು," ಎಂದಳು. ಅವಳ ತುಟಿಯ ತುದಿಯಲ್ಲಿ ನಗು ಅದುರುತ್ತಿತ್ತು. "ಇದನ್ನು ತಿನ್ಲಿಕ್ಕೆ ನಾನು ವಿಮಾನ ಹತ್ತಿ ಬರ್ಬೇಕಿತ್ತಾ?"

ತಮಾಷೆಗೆ ಹೇಳಿದ್ದು. ನನಗೆ ತಮಾಷೆಯಾಗಿ ಕಾಣಲಿಲ್ಲ. ಅವಳು ಬಂದಂದಿನಿಂದ ಅದುಮಿಟ್ಟದ್ದು ಒಮ್ಮೆಗೇ ಉಕ್ಕಿ ಬಂತು. ತಟ್ಟೆ ದೂಡಿ ಎದ್ದೆ.

"ಹಾಗಾದ್ರೆ ಹೋಗು! ಟಿಪ್ಪಣಿ ಬರ್ದಾಯ್ತಲ್ಲ, ಹೋಗು ನಿನ್ನ ಸ್ಕೂಲಿಗೆ! ಯಾರು ಬೇಡ ಅಂದದ್ದು?"

ಅವಳ ನಗು ಆರಿಹೋಯಿತು. ಕೋಪ ಬಂದರೆ ಅವಳು ಕೊಂಕಣಿ ಬಿಟ್ಟು ಕನ್ನಡಕ್ಕೆ ಬರುತ್ತಾಳೆ, ಎದುರಿಗೆ ಕ್ಲಾಸು ಕೂತಿದೆಯೋ ಎಂಬಂತೆ ಒಂದೊಂದೇ ಮಾತು ಬಿಡಿಸಿ ಹೇಳುತ್ತಾಳೆ. ಅಂದೂ ಹಾಗೇ ಆಯಿತು.

"ಕೂತ್ಕೊಳ್ಳಿ. ಕೂತ್ಕೊಳ್ಳಿ ಅಂದೆ. ಏಸಿ ತೋರಿಸಿದ್ರಿ. ಟ್ರಾಲಿ ತೋರಿಸಿದ್ರಿ. ಚಿನ್ನದಂಗಡಿ ತೋರಿಸಿದ್ರಿ. ಹೋಗುವವಳೋ ಇರುವವಳೋ ಅಂತ ದಿನಕ್ಕೆ ನೂರು ಸಲ ನನ್ನ ಮುಖ ಇಣುಕಿ ನೋಡಿದ್ರಿ. ಇವತ್ತು ರೋಸ್ಟ್. ನೀನು ಬೇಕು ಅಂತ ಒಂದು ದಿನ, ಒಂದೇ ಒಂದು ದಿನ ಹೇಳಿದ್ದೀರಾ?"

ನಾನು ಕೂತೆ.

"ನೀನು ಬೇಕು ಮಾರಾಯ್ತಿ," ಎಂದೆ. "ಸಂಜೆ ಕೆಲಸ ಬಿಟ್ಟು ಬಂದು ಈ ಬೀಗ ತೆಗೀಲಿಕ್ಕೆ ನನಗೆ ಹೆದರಿಕೆ ಆಗ್ತದೆ. ಒಳಗೆ ಯಾರೂ ಇರುದಿಲ್ಲ. ರೇಡಿಯೋ ಹಾಕಿ ಉಣ್ತೇನೆ, ಯಾರಾದ್ರೂ ಮಾತಾಡ್ಲಿ ಅಂತ. ನನಗೆ ಸಾಕಾಗಿದೆ."

ಅವಳ ಕಣ್ಣು ತುಂಬಿತು. ಎಂಜಲು ಕೈಯನ್ನು ಹಾಗೇ ಇಟ್ಟುಕೊಂಡು, ಎಡಗೈಯಲ್ಲಿ ನನ್ನ ಕೈ ಹಿಡಿದಳು. ಗೆದ್ದೆ ಎಂದುಕೊಂಡೆ. ಅಷ್ಟು ಹೊತ್ತಿಗೆ ನನ್ನ ಮನಸ್ಸು ಮಂದೂಬನ ಮೇಜಿನ ಮುಂದೆ ಹೋಗಿ ನಿಂತಾಗಿತ್ತು.

"ಹಾಗಾದ್ರೆ ಇರ್ತೀಯಲ್ಲ? ನಾಳೆ ಬೆಳಿಗ್ಗೆಯೇ ಪಾಸ್‌ಪೋರ್ಟ್ ಕೊಡ್ತೇನೆ."

"ಆತುರಗಾರನಿಗೆ ಬುದ್ಧಿ ಮಟ್ಟ," ಎಂದಳು ಕಣ್ಣೊರೆಸಿಕೊಳ್ಳುತ್ತ. "ಇಲ್ಲ. ನಾನು ಹೋಗ್ತೇನೆ. ನನಗೆ ನನ್ನ ಕ್ಲಾಸು ಬೇಕು. ಬಂದ ಮೊದಲನೇ ವಾರವೇ ಗೊತ್ತಾಗಿತ್ತು. ಬೆಳಿಗ್ಗೆಯಿಂದ ಸಂಜೆ ತನಕ ಆ ಕಿಟಕಿಯ ಹತ್ತಿರ ಕೂತು ನೀವು ಬರುದನ್ನು ಕಾಯ್ಲಿಕ್ಕೆ ನನ್ನಿಂದಾಗುದಿಲ್ಲ. ನಿಮಗೆ ಹೇಗೆ ಹೇಳುದು ಅಂತ ಇಷ್ಟು ದಿನ ಸುಮ್ಮನಿದ್ದೆ. ಅದು ನನ್ನ ತಪ್ಪು."

ಬೇಡಿಕೊಳ್ಳಬೇಕೋ ಜಗಳವಾಡಬೇಕೋ ತಿಳಿಯಲಿಲ್ಲ.

"ಮತ್ತೆ ನಾನು?"

"ನೀವು ಬನ್ನಿ."

"ಎಲ್ಲಿಗೆ?"

"ಮನೆಗೆ. ಕೆಲಸ ಬಿಟ್ಟು ಬನ್ನಿ. ನನ್ನ ಸಂಬಳ ಉಂಟು. ನಿಮಗೂ ಏನಾದ್ರೂ ಸಿಗ್ತದೆ. ಸಾಕು, ಬನ್ನಿ."

ಬಹರೇನಿಗೆ ಬಂದ ಮೇಲಿನ ಆರು ವರ್ಷದಲ್ಲಿ ಊರಿನಿಂದ ನನಗೆ ಬಂದ ಕಾಗದಗಳಿಗೆ ಲೆಕ್ಕವಿಲ್ಲ. ತಂಗಿಗೆ ವಾಚು ಬೇಕು, ಅಪ್ಪನಿಗೆ ಟಾರ್ಚು ಬೇಕು, ಚಿಕ್ಕಮ್ಮನ ಮಗನಿಗೆ ವೀಸಾ ಬೇಕು. ಅಣ್ಣ ಬರೆದ, ಅತ್ತಿಗೆ ಬರೆದಳು, ಪಾದ್ರಿಗಳೂ ಒಮ್ಮೆ ಬರೆದರು. ಮುಂದಿನ ರಜೆ ಯಾವಾಗ ಎಂದು ಎಲ್ಲರೂ ಕೇಳುತ್ತಿದ್ದರು, ಬರುವಾಗ ಏನು ತರಬೇಕೆಂದೂ ತಿಳಿಸುತ್ತಿದ್ದರು. ನನ್ನನ್ನು ಅಷ್ಟು ಹಚ್ಚಿಕೊಂಡಿದ್ದ ಅಮ್ಮ ಕೂಡ, ದುಡಿದದ್ದು ಸಾಕು ಮಗ, ಬಂದುಬಿಡು ಎಂದು ಬರೆಸಿರಲಿಲ್ಲ. ಹಾಗೊಂದು ಮಾತು ಇದೆಯೆಂಬುದೇ ನನಗೆ ಮರೆತುಹೋಗಿತ್ತು.

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಇಷ್ಟು ವರ್ಷ ಯಾರೂ ಕರೀಲಿಲ್ವಾ ನಿಮ್ಮನ್ನು?" ಎಂದು ಕೇಳಿದಳು.

ಇಲ್ಲ ಎನ್ನಲು ಬಾಯಿ ತೆರೆದೆ. ಅಳು ಬಂತು.