ಗ್ಲೆನಿಸ್‌ಳ ಗೇಟು ಮತ್ತು ಸೂಜಿ ಕಾಣದ ಮಗಳು

ಗ್ಲೆನಿಸ್ ಹ್ಯಾಡ್‌ಫೀಲ್ಡ್ ನಡೆಸುವ ಮಕ್ಕಳ ಮನೆಯ ಗೇಟಿಗೆ ಎರಡು ಚಿಲಕ. ಒಂದು ಮಕ್ಕಳು ಆಚೆ ಓಡಿಹೋಗದಿರಲಿ ಎಂದು, ಇನ್ನೊಂದು ಅವರ ಅಪ್ಪ ಅಮ್ಮ ಒಳಗೆ ನುಗ್ಗದಿರಲಿ ಎಂದು. ಟೂಲಂಗರಿಯಂಥ ಊರಲ್ಲಿ ಎರಡನೆಯದೇ ಮುಖ್ಯ. ಸಿಡ್ನಿ ಸಾಕಾಯಿತು ಎಂದವರೆಲ್ಲ ಈ ಗುಡ್ಡಗಳಿಗೆ ಬಂದು ಬರಿಗಾಲಲ್ಲಿ ಓಡಾಡುತ್ತಾರೆ. ಹುಣ್ಣಿಮೆಯ ದಿನ ಬಾಟಲಿಯಲ್ಲಿ ನೀರು ತುಂಬಿ ಅಂಗಳದಲ್ಲಿಟ್ಟು, ಬೆಳದಿಂಗಳು ಇಳಿದಿದೆ ಎಂದು ಬೆಳಿಗ್ಗೆ ಕಣ್ಣುಮುಚ್ಚಿ ಕುಡಿಯುತ್ತಾರೆ. ಮಕ್ಕಳಿಗೆ ಸೂಜಿ ಎಂದರೆ ಮಾತ್ರ ಹಾವು ತುಳಿದವರಂತೆ ಹಾರುತ್ತಾರೆ. ಹಿಂದೆ ‘ನನ್ನ ಮನಸ್ಸಾಕ್ಷಿ ಒಪ್ಪುವುದಿಲ್ಲ’ ಎಂದು ಒಂದು ಸಹಿ ಗೀಚಿದರೆ ಲಸಿಕೆಯಿಂದ ವಿನಾಯಿತಿ ಸಿಗುತ್ತಿತ್ತು. ಸರ್ಕಾರ ಅದನ್ನು ಕಿತ್ತುಹಾಕಿತು. ಈಗ ಲಸಿಕೆ ಹಾಕಿಸದ ಮಗುವಿಗೆ ಮಕ್ಕಳ ಮನೆಯಲ್ಲಿ ಜಾಗವಿಲ್ಲ. ಕಾನೂನು ಮಾಡಿದ್ದು ಸರ್ಕಾರ, ಬೈಸಿಕೊಳ್ಳುವ ಕೆಲಸ ಗ್ಲೆನಿಸ್‌ಳದು.

ಅವಳೇನೂ ಹುಟ್ಟಾ ಕಾನೂನಿನ ಹೆಂಗಸಲ್ಲ. ಇಪ್ಪತ್ತರ ಹರೆಯದಲ್ಲಿ ಅವಳೂ ಬರಿಗಾಲಲ್ಲೇ ಈ ಗುಡ್ಡ ಹತ್ತಿದವಳು. ಜೊತೆಗಿದ್ದವನು ಕೆಲ್ವಿನ್, ವಿಮಾ ಕಚೇರಿಯ ಗುಮಾಸ್ತ. ಗುಡ್ಡ ಹತ್ತಿದ ಮೇಲೆ ತನ್ನ ಹೆಸರು ಫಾಲ್ಕನ್ ಎಂದು ಘೋಷಿಸಿದ. ಗಿಡುಗನ ಹೆಸರಿಟ್ಟುಕೊಂಡು ಮೂರು ಆಡು ಸಾಕಿದ. ಭಾನುವಾರದ ಸಂತೆಯಲ್ಲಿ ಅತ್ತಿಮರದ ಕೆಳಗೆ ಮೇಜು ಹಾಕಿ ಲಸಿಕೆಯ ವಿರುದ್ಧ ಗಂಟಲು ಹರಿದುಕೊಳ್ಳುತ್ತಿದ್ದ. ಕೊನೆಗೆ ಜೇನು ಬಿಡಿಸಲು ಹೋಗಿ ಮರದಿಂದ ಬಿದ್ದು ತೀರಿಕೊಂಡ. ಒಳ್ಳೆಯ ಮನುಷ್ಯ, ತಲೆಯೊಳಗೆ ಮಾತ್ರ ಗಾಳಿ ಧಾರಾಳವಾಗಿ ಓಡಾಡುತ್ತಿತ್ತು. ಅವನ ಮೇಜು ಮಗಳು ಬ್ರಯನಿಗೆ ಬಂತು. ಮೇಜಿನ ಹಿಂದೆ ಅವಳದೇ ಆಳೆತ್ತರದ ಚಿತ್ರ, ಕೆಳಗೆ ದಪ್ಪಕ್ಷರದಲ್ಲಿ: ‘ಮೂವತ್ತಾರು ವರ್ಷ, ಒಂದೂ ಸೂಜಿ ಇಲ್ಲ.’

ಆ ಬ್ರಯನಿಗೆ ಈಗ ಗಿಡಗಳ ನರ್ಸರಿಯೊಂದರಲ್ಲಿ ಕೆಲಸ ಸಿಕ್ಕಿತ್ತು. ಅವಳ ಜೊತೆಗಾರ ಡೋಲು ಬಾರಿಸುವವಳೊಬ್ಬಳ ಹಿಂದೆ ಕ್ವೀನ್ಸ್‌ಲ್ಯಾಂಡಿಗೆ ಹೋಗಿದ್ದ. ಎರಡು ವರ್ಷದ ಕ್ಲೋವರ್‌ಳನ್ನು ನೋಡಿಕೊಳ್ಳುವವರಿಲ್ಲ. ಗ್ಲೆನಿಸ್‌ಳಲ್ಲಿ ಒಂದೇ ಒಂದು ಜಾಗ ಖಾಲಿಯಿತ್ತು, ಅದೂ ತಿಂಗಳ ಕೊನೆಯವರೆಗೆ. ಅದು ತಪ್ಪಿದರೆ ಕೆಲಸವೂ ತಪ್ಪಿದಂತೆ.

“ಅಮ್ಮಾ, ನಿನ್ನ ಸ್ವಂತ ಮೊಮ್ಮಗಳು ಕಣೇ,” ಎಂದಳು ಬ್ರಯನಿ, ತಾಯಿಯ ಅಡುಗೆಮನೆಯಲ್ಲಿ ಟೋಸ್ಟಿಗೆ ಉಪ್ಪುಪ್ಪಾದ ಕಪ್ಪು ವೆಜಿಮೈಟ್ ಮೆತ್ತುತ್ತ.

“ರಾಣಿ ಮೊಮ್ಮಗಳಾದ್ರೂ ಅಷ್ಟೇ. ಕೂಸುಗಳ ಕೋಣೆಗೆ ಆರು ವಾರದ್ದು ಒಂದು ಬರ್ತಿದೆ. ಮುಷ್ಟಿಯಷ್ಟಿದೆ, ಇನ್ನೂ ಒಂದು ಸೂಜಿನೂ ಬಿದ್ದಿಲ್ಲ ಅದಕ್ಕೆ.”

“ನನ್ನ ನೋಡು. ಒಂದು ಸೂಜಿ ಚುಚ್ಚಿಸ್ಕೊಂಡಿಲ್ಲ, ಗುಂಡುಕಲ್ಲಿನ ಥರ ಇಲ್ವಾ?”

ಗ್ಲೆನಿಸ್ ಕೆಟಲಿನ ಕಡೆ ತಿರುಗಿ ನಿಂತಳು. “ಇದ್ದೀಯ, ಇದ್ದೀಯ,” ಎಂದಳು.

ಬ್ರಯನಿ ಸುಮ್ಮನೆ ಕೂರುವ ಜಾತಿಯಲ್ಲ. ಕಾಯಿಲೆ ಬಂದು ಹೋಗಿದ್ದರೆ ಆ ಕಾಯಿಲೆಯ ಸೂಜಿಗೆ ವಿನಾಯಿತಿ ಉಂಟು ಎಂದು ಯಾರೋ ಕಿವಿಯೂದಿದರು. ಗುಡ್ಡದ ಮೇಲಿನವರಲ್ಲಿ ಒಂದು ಸಂಪ್ರದಾಯವಿದೆ: ಯಾವ ಮನೆಯ ಮಗುವಿಗೆ ಸೀತಾಳೆ ಸಿಡುಬು ಎದ್ದಿತೋ ಆ ಮನೆಯಲ್ಲಿ ಔತಣ. ಉಳಿದವರು ಮಕ್ಕಳನ್ನು ಕರೆತಂದು ಆ ಮಗು ನೆಕ್ಕಿದ ಲಾಲಿಪಾಪನ್ನೇ ಸರದಿಯಲ್ಲಿ ನೆಕ್ಕಿಸುತ್ತಾರೆ. ಬ್ರಯನಿಯೂ ಕ್ಯಾರೆಟ್ ಕೇಕ್ ಹಿಡಿದು ಹೋದಳು. ಕ್ಲೋವರ್ ಮನಸಾರೆ ನೆಕ್ಕಿದಳು. ಆಮೇಲೆ ನೋಡಿದರೆ ಆ ಮನೆಯ ಹುಡುಗನಿಗೆ ಸಿಡುಬೂ ಇಲ್ಲ, ಗಿಡುಬೂ ಇಲ್ಲ. ತೊರೆಯ ಹತ್ತಿರ ಬೆತ್ತಲೆ ಮಲಗಿದ್ದಾಗ ಮರಳುನೊಣ ಕಚ್ಚಿದ್ದವು. ಗುಡ್ಡದ ಮಕ್ಕಳಿಗೆಲ್ಲ ಒಂದೇ ನೆಗಡಿ ಹಂಚಿಕೆಯಾಯಿತು, ಅಷ್ಟೇ.

“ನಿಜವಾಗ್ಲೂ ಬಂದಿದ್ರೂ ಒಂದು ಸೂಜಿ ತಪ್ತಿತ್ತು, ಉಳಿದವು ಹಾಗೇ ಇರ್ತಿದ್ವು,” ಎಂದಳು ಗ್ಲೆನಿಸ್, ಮೊಮ್ಮಗಳ ಮೂಗು ಒರೆಸುತ್ತ. “ಕೇಳಿದ್ರೆ ನಾನೇ ಹೇಳ್ತಿದ್ದೆ. ಕೇಕಾದ್ರೂ ಉಳೀತಿತ್ತು.”

ಬ್ರಯನಿಗೆ ಉರಿದುಹೋಯಿತು. ಮರುದಿನ ಮಧ್ಯಾಹ್ನ, ಮಕ್ಕಳನ್ನು ಕರೆದೊಯ್ಯುವ ಹೊತ್ತಿಗೆ ಸರಿಯಾಗಿ, ಅವಳು ಕ್ಲೋವರ್, ತನ್ನ ಬಳಗ, ಎರಡು ಡೋಲು, ಆ ಆಳೆತ್ತರದ ಚಿತ್ರ ಎಲ್ಲವನ್ನೂ ಪಿಕಪ್ ಗಾಡಿಯಲ್ಲಿ ತುಂಬಿಕೊಂಡು ಬಂದಳು. ಗಾಡಿಯ ಹಿಂಭಾಗದ ಮೇಲೆ ಹತ್ತಿ ಮೈಕು ಹಿಡಿದಳು. “ನನ್ನಪ್ಪ ಅಮ್ಮ ನನಗೆ ಒಂದು ಹನಿ ವಿಷ ಹಾಕಿಸಲಿಲ್ಲ! ಸಾಕ್ಷಿ ಬೇಕಾ? ನಾನೇ ಸಾಕ್ಷಿ!”

ಗ್ಲೆನಿಸ್ ಗೇಟಿನ ಒಳಗೆ ಚಿಲಕ ಹಿಡಿದು ನಿಂತಿದ್ದಳು. ಕಿರುಚಾಟ ಅವಳಿಗೆ ಹೊಸದಲ್ಲ. ಕಿರುಚಿ ಸುಸ್ತಾದ ಮೇಲೆ ಮನೆಗೆ ಹೋಗುತ್ತಾರೆ, ಮಕ್ಕಳ ಹಾಗೆಯೇ. ಆದರೆ ಪಕ್ಕದಲ್ಲಿ ಆ ಆರು ವಾರದ ಕೂಸಿನ ತಾಯಿ ನಿಂತಿದ್ದಳು. ನಾಳೆ ಕೂಸಿಗೆ ಮೊದಲ ಸೂಜಿ. ಅವಳು ಗಾಡಿಯ ಮೇಲಿನ ಕೆಂಪು ಕೆನ್ನೆಯ ಬ್ರಯನಿಯನ್ನೇ ನೋಡುತ್ತ ಮೆಲ್ಲಗೆ ಕೇಳಿದಳು: “ಎಷ್ಟು ಆರೋಗ್ಯವಾಗಿದ್ದಾರೆ ಅಲ್ವಾ ನಿಮ್ಮ ಮಗಳು? ನಾನೂ ಸ್ವಲ್ಪ ದಿನ ಕಾಯಲಾ ಅಂತ.”

ಗ್ಲೆನಿಸ್ ಎರಡೂ ಚಿಲಕ ತೆಗೆದು ಹೊರಗೆ ಬಂದಳು.

“ಬ್ರಯನಿ, ಇಳಿ ಕೆಳಗೆ.”

“ಇಳಿಯಲ್ಲ!”

“ಹಾಗಾದ್ರೆ ಅಲ್ಲೇ ನಿಂತು ಕೇಳು. ನಿನಗೆ ಎಲ್ಲಾ ಸೂಜಿ ಹಾಕ್ಸಿದ್ದೀನಿ. ಒಂದೂ ಬಿಟ್ಟಿಲ್ಲ.”

ಡೋಲು ನಿಂತಿತು.

“ಆಡಿಗೆ ಹಿಂಡಿ ತರ್ತೀನಿ ಅಂತ ನಿಮ್ಮಪ್ಪನಿಗೆ ಹೇಳಿ ಪಕ್ಕದ ಊರಿನ ನರ್ಸ್ ಹತ್ರ ಕರ್ಕೊಂಡು ಹೋಗ್ತಿದ್ದೆ. ಪಕ್ಕದ ಗುಡಿಸಲಿನ ಕೂಸಿಗೆ ನಾಯಿಕೆಮ್ಮು ಬಂದಿತ್ತು. ಅದು ಉಸಿರು ಎಳ್ಕೊಳ್ಳೋ ಸದ್ದು ಕೇಳಿದ್ಮೇಲೆ ನನಗೆ ಬೇರೆ ಯಾರ ಭಾಷಣನೂ ಕಿವಿಗೆ ಬೀಳ್ಲಿಲ್ಲ.”

ಗಡ್ಡದವನೊಬ್ಬ ಚಿತ್ರವನ್ನು ಹಿಡಿದುಕೊಂಡು ನಿಂತಿದ್ದ, “ಈಗ ಇದನ್ನ ಏನ್ಮಾಡೋದು?” ಎಂದು ಕೇಳಿದ. ಆಮೇಲೆ ಅದನ್ನು ತಲೆಕೆಳಗಾಗಿ ಗಾಡಿಯಲ್ಲಿಟ್ಟ. ಬ್ರಯನಿ ಮೈಕು ಅಲ್ಲೇ ಬಿಟ್ಟು, ಕ್ಲೋವರ್‌ಳನ್ನು ಎತ್ತಿಕೊಂಡು ರಸ್ತೆಯುದ್ದಕ್ಕೂ ನಡೆದುಕೊಂಡೇ ಹೋದಳು. ಊರ ಮುಂದೆ ಮಗಳ ಮಾನ ತೆಗೆದೆನಲ್ಲ ಎಂದು ಗ್ಲೆನಿಸ್‌ಗೆ ನೋವಾಯಿತು. ಹಾಗೆಂದು ಹೇಳಿದ್ದನ್ನು ನುಂಗುವ ಮನಸ್ಸೂ ಬರಲಿಲ್ಲ.

ಆಮೇಲೆ ಫೋನಿಲ್ಲ, ಸುದ್ದಿಯಿಲ್ಲ. ತಿಂಗಳ ಕೊನೆ ಹತ್ತಿರ ಬಂತು. ಆ ಜಾಗಕ್ಕೆ ಬೇರೆಯವರು ಕೇಳುತ್ತಿದ್ದರು. ಗ್ಲೆನಿಸ್ ನಾಳೆ ನೋಡೋಣ ಎಂದು ಅವರನ್ನು ಸಾಗಹಾಕಿ, ಕೋಳಿಗಳಿಗೆ ಕಾಳು ಹಾಕುತ್ತ ಅವುಗಳನ್ನೇ ಬೈಯುತ್ತಿದ್ದಳು. ಹೀಗಿರುವಾಗ ಒಂದು ಭಾನುವಾರ, ಸಂತೆಯ ಹೊತ್ತಿನಲ್ಲಿ, ಬ್ರಯನಿ ಹಿತ್ತಲ ಮೆಟ್ಟಿಲ ಮೇಲೆ ಬಂದು ಕೂತಳು. ಸಂತೆಗೆ ಹೋಗಿರಲಿಲ್ಲ. ಕ್ಲೋವರ್ ಕೋಳಿಗಳ ಹಿಂದೆ ಓಡಿದಳು.

“ಅಪ್ಪನಿಗೆ ಗೊತ್ತಿತ್ತಾ?”

“ಇಲ್ಲ. ಹಿಂಡಿ ತರೋಕೆ ಇಷ್ಟು ಹೊತ್ತು ಬೇಕಾ ಅಂತ ಒಂದ್ಸಲ ಕೇಳಿದ.”

“ಇಷ್ಟು ವರ್ಷ ನನಗೆ ಸುಳ್ಳು ಹೇಳ್ದೆ. ಸಂತೇಲಿ ಆ ಚಿತ್ರದ ಮುಂದೆ ನಿಂತು ಹಲ್ಲು ಕಿರೀತಿದ್ದೆನಲ್ಲ ನಾನು, ಪಕ್ಕದಲ್ಲೇ ನಿಂತು ಜಾಮ್ ಮಾರ್ತಿದ್ದೆ ನೀನು!”

“ಹೌದು. ಸುಳ್ಳಿಗೆ ಕ್ಷಮೆ ಕೇಳ್ತೀನಿ ಮಗಳೇ. ಸೂಜಿಗೆ ಕೇಳಲ್ಲ.”

ಬ್ರಯನಿ ತನ್ನ ತೋಳನ್ನು ಉಜ್ಜಿ ನೋಡಿಕೊಂಡಳು, ಅಲ್ಲೇನಾದರೂ ಕಂಡೀತೇ ಎಂಬಂತೆ.

“ನಾನು ಅತ್ನಾ?”

“ಅಳೋದಾ? ನರ್ಸಿಗೆ ಕಚ್ಚಿದೆ. ರಕ್ತ ಬರೋ ಹಾಗೆ.”

ಬ್ರಯನಿಗೆ ನಗು ಬಂತು, ಬಾರದಂತೆ ತಡೆಯಲು ನೋಡಿದಳು, ಆಗಲಿಲ್ಲ. ಕಣ್ಣೊರೆಸಿಕೊಂಡು ಕೋಳಿಯ ಬಾಲ ಹಿಡಿದಿದ್ದ ಮಗಳ ಕಡೆ ನೋಡಿದಳು.

“ನಾಳೆ ಬೆಳಿಗ್ಗೆ ನೀನೂ ಬಾ,” ಎಂದಳು. “ಇವಳಿಗೂ ಹಲ್ಲೆಲ್ಲ ಬಂದಿದೆ. ನರ್ಸಿಗೆ ಮೊದಲೇ ಹೇಳ್ಬಿಡೋಣ.”