ಗಿರಿಜ ಕಟ್ಟುತ್ತಿದ್ದ ಡಬ್ಬಿ

ಇವತ್ತು ಬೆಳಿಗ್ಗೆ ಅಟ್ಟದಿಂದ ನನ್ನ ಹಳೆಯ ಸ್ಟೀಲ್ ಡಬ್ಬಿ ಇಳಿಸಿದೆ. ಮುಚ್ಚಳ ತೆಗೆದರೆ ಇನ್ನೂ ಉಪ್ಪಿನಕಾಯಿಯ ವಾಸನೆ ಬಂದ ಹಾಗಾಯಿತು. ನನ್ನ ಮೂಗನ್ನು ಅಷ್ಟಾಗಿ ನಂಬಬೇಡಿ. ನಾನು ನಿವೃತ್ತಳಾದ ಮೇಲೆ ಅದಕ್ಕೂ ಕೆಲಸ ಕಡಿಮೆ.

ಬಸವೇಶ್ವರನಗರದ ಮನೆಯಿಂದ ರಾಜಾಜಿನಗರದ ಶಾಲೆಗೆ ನಾನು ಅಷ್ಟು ವರ್ಷ ಪಾಠ ಮಾಡಲು ಹೋಗಿದ್ದು ಈ ಡಬ್ಬಿ ಹಿಡಿದೇ. ಅದನ್ನು ಕಟ್ಟುತ್ತಿದ್ದವಳು ನನ್ನ ಓರಗಿತ್ತಿ ಗಿರಿಜ. ಅವಳೂ ನನ್ನ ಹಾಗೆ ಬಿ.ಎಡ್. ಮಾಡಿದವಳು, ನನಗಿಂತ ಹೆಚ್ಚು ಅಂಕ ಬೇರೆ. ಆದರೆ ನಾನು ಕೆಲಸಕ್ಕೆ ಸೇರಿ ಆಮೇಲೆ ಮದುವೆಯಾದವಳು. ಅವಳು ಪರೀಕ್ಷೆ ಮುಗಿಸಿ ನೇರ ಹಸೆಗೆ ಕೂತವಳು. ನಮ್ಮತ್ತೆಯ ಕಾನೂನು ಒಂದೇ: ಮನೆಯಿಂದ ಒಬ್ಬ ಸೊಸೆ ಹೊರಗೆ ಹೋದರೆ ಸಾಕು. ಬಂದ ನೆಂಟರಿಗೆಲ್ಲ, "ದೊಡ್ಡವಳು ಡ್ಯೂಟಿಗೆ ಹೋಗ್ತಾಳೆ, ಚಿಕ್ಕವಳು ಮನೇಲಿ ಸುಮ್ನೆ ಇದಾಳೆ" ಎನ್ನುತ್ತಿದ್ದರು. ಸುಮ್ಮನಿದ್ದವಳು ಅಷ್ಟರಲ್ಲಿ ಮೂರು ಮಕ್ಕಳಿಗೆ ಸ್ನಾನ ಮಾಡಿಸಿ, ನನ್ನ ಸೀರೆಗೆ ಇಸ್ತ್ರಿ ಹಾಕಿ, ಅದೇ ನೆಂಟರಿಗೆ ಕಾಫಿ ತರುತ್ತಿದ್ದಳು.

ಒಮ್ಮೆ ಕುರುಬರಹಳ್ಳಿಯ ಶಾಲೆಯೊಂದು ಅವಳನ್ನು ಟೀಚರ್ ಕೆಲಸಕ್ಕೆ ಕರೆಯಿತು. ನಾವು ಊಟಕ್ಕೆ ಕೂತಿದ್ದಾಗ ಬಡಿಸುತ್ತಲೇ ಮೆಲ್ಲಗೆ ವಿಷಯ ತೆಗೆದಳು. ಅತ್ತೆ ಅವಳ ಕಡೆ ತಿರುಗಲೇ ಇಲ್ಲ, ನನ್ನನ್ನು ಕೇಳಿದರು: "ಇವಳು ಹೋದ್ರೆ ನೀನು ಮನೇಲಿ ಇರ್ತೀಯಾ?"

ಗಂಡಸರಿಬ್ಬರೂ ಸಾರನ್ನ ಕಲಸುತ್ತಿದ್ದರು. ಅವರನ್ನು ಯಾರೂ ಏನೂ ಕೇಳಲಿಲ್ಲ. ಇಬ್ಬರೂ ಹೋಗುತ್ತೇವೆ, ಮನೆಗೆಲಸ ಎಲ್ಲರೂ ಹಂಚಿಕೊಳ್ಳೋಣ ಎಂದು ನಾನು ಹೇಳಬಹುದಿತ್ತು. ಶಾಲೆಯಲ್ಲಿ ಹುಡುಗಿಯರಿಗೆ ಧೈರ್ಯವಾಗಿ ಮಾತಾಡಿ ಎಂದು ಗಂಟಲು ಹರಿದುಕೊಳ್ಳುತ್ತಿದ್ದ ಮೇಡಂ ನಾನು, ತೆಪ್ಪಗೆ ಮಜ್ಜಿಗೆ ಬಡಿಸಿಕೊಂಡೆ. ಮರುದಿನವೂ ಡಬ್ಬಿ ಸಮಯಕ್ಕೆ ಸರಿಯಾಗಿ ಸಿದ್ಧವಾಗಿತ್ತು. ತುತ್ತು ಗಂಟಲಲ್ಲಿ ಇಳಿಯಲಿಲ್ಲ ಎಂದರೆ ಸುಳ್ಳಾಗುತ್ತದೆ, ಚೆನ್ನಾಗಿಯೇ ತಿಂದೆ. ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತದೆ.

ಅತ್ತೆ ತೀರಿಕೊಂಡು ವರ್ಷಗಳಾದವು. ಹೋದ ವಾರ ದೀಪಾಂಜಲಿ ನಗರದ ಪ್ಲೇಹೋಮ್ ಒಂದರಲ್ಲಿ ಗಿರಿಜಳಿಗೆ ಕೆಲಸ ಸಿಕ್ಕಿತು, ಐವತ್ತಾರನೆಯ ವಯಸ್ಸಿನಲ್ಲಿ. ಇವತ್ತು ಮೊದಲ ದಿನ. ಚಿತ್ರಾನ್ನ ಮಾಡಿ ಈ ಡಬ್ಬಿಗೆ ತುಂಬಿಕೊಟ್ಟೆ. ಅವಳು ನಾಲ್ಕು ಅಗುಳು ಬಾಯಿಗೆ ಹಾಕಿಕೊಂಡಳು.

"ಉಪ್ಪೇ ಹಾಕಿಲ್ಲ ಅಕ್ಕ."

"ಅವತ್ತು ನಾನು ಬಾಯಿ ಬಿಡ್ಬೇಕಿತ್ತು ಕಣೇ."

"ಹೌದು, ಬಿಡ್ಬೇಕಿತ್ತು" ಎಂದಳು. ಆಮೇಲೆ ಉಪ್ಪು ಉದುರಿಸಿ, ಕಲಸಿ, ಮುಚ್ಚಳ ಒತ್ತಿ ಹೊರಟಳು.

ಹತ್ತು ಗಂಟೆಗೆ ಪಕ್ಕದ ಮನೆಯವರು ಗೇಟಿನಲ್ಲಿ ನಿಂತು ಗಿರಿಜ ಇಲ್ವಾ ಎಂದು ಕೇಳಿದರು. ಸಿಂಕ್ ತುಂಬ ಪಾತ್ರೆ, ಒಲೆಯ ಮೇಲೆ ಬೇಳೆ. ಒದ್ದೆ ಕೈಯಲ್ಲೇ ಹೊರಗೆ ಬಂದೆ.

"ಡ್ಯೂಟಿಗೆ ಹೋಗಿದಾಳೆ" ಎಂದೆ. "ನಾನು ಮನೇಲಿ ಸುಮ್ನೆ ಇದೀನಿ."